ದುರ್ಗದ ಗುಡ್ಡಗಳಲ್ಲಿ ವಸಂತದ ಕಾಡುಹೂಗಳನ್ನು ನೋಡುವ ಬಗೆ: ಸಮಗ್ರ ಮಾರ್ಗದರ್ಶಿ

ಚಿತ್ರದುರ್ಗ, ದಾವಣಗೆರೆ ಸೀಮೆಯ ಒಣಕಾಡಿನಲ್ಲಿ ಹೂವಿನ ಸುಗ್ಗಿ ವರ್ಷಕ್ಕೆ ಎರಡು ಸಲ ಬರುತ್ತದೆ. ಮುಂಗಾರು ಹಿಡಿದ ಮೇಲೆ ನೆಲದ ಸಣ್ಣ ಗಿಡಗಳೂ ಬಳ್ಳಿಗಳೂ ಹೂಬಿಡುವುದು ಒಂದು. ಮಾಘದ ಕೊನೆಯಿಂದ ವೈಶಾಖದವರೆಗೆ, ಹುಲ್ಲು ಒಣಗಿ, ನೆಲ ಬಿರಿದು, ಮರಗಳು ಎಲೆ ಉದುರಿಸಿಕೊಂಡು ನಿಂತಿರುವಾಗ ಮರಗಳೂ ಕಂಟಿಗಳೂ ಹೂಬಿಡುವುದು ಇನ್ನೊಂದು. ಈ ಬರಹ ಎರಡನೆಯ ಸುಗ್ಗಿಗೆ ಸಂಬಂಧಿಸಿದ್ದು. ಹೂಗಳ ಹೆಸರಿನ ಪಟ್ಟಿ ಹಿಡಿದು ಹೊರಡುವವರಿಗಿಂತ, ಯಾವ ತಿಂಗಳು, ಯಾವ ನೆಲ, ಯಾವ ಹೊತ್ತು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಹೊರಡುವವರಿಗೆ ಇಲ್ಲಿ ಹೆಚ್ಚು ಹೂ ಕಾಣಸಿಗುತ್ತವೆ. ಆದ್ದರಿಂದ ಈ ಮಾರ್ಗದರ್ಶಿಯೂ ಅದೇ ಕ್ರಮದಲ್ಲಿ ಸಾಗುತ್ತದೆ.

ಮೊದಲಿಗೆ ಕೊಲಂಬೈನ್ ವಿಚಾರ

ವಸಂತದ ಕಾಡುಹೂ ಎಂದು ಅಂತರ್ಜಾಲದಲ್ಲಿ ಹುಡುಕಿದವರಿಗೆ ಮೊದಲು ಎದುರಾಗುವ ಹೂಗಳಲ್ಲಿ ಕೊಲಂಬೈನ್ ಒಂದು. ಅದು ಅಕ್ವಿಲೀಜಿಯ ಕುಲದ ಗಿಡ. ಅದರ ಐದು ಎಸಳುಗಳಲ್ಲಿ ಪ್ರತಿಯೊಂದೂ ಹಿಂದಕ್ಕೆ ಚಾಚಿ ಟೊಳ್ಳು ಕೊಳವೆಯಾಗುತ್ತದೆ; ಆ ಕೊಳವೆಯ ತುದಿಯಲ್ಲಿ ಮಕರಂದವಿರುತ್ತದೆ. ಉತ್ತರ ಅಮೆರಿಕದ ಪೂರ್ವ ಭಾಗದ ಕೆಂಪು ಕೊಲಂಬೈನಿಗೆ ಝೇಂಕಾರದ ಹಕ್ಕಿಗಳು (ಹಮ್ಮಿಂಗ್‌ಬರ್ಡ್) ಬರುತ್ತವೆ. 1899ರಿಂದ ಕೊಲರಾಡೊ ರಾಜ್ಯದ ಹೂವಾಗಿರುವ, ರಾಕಿ ಪರ್ವತಗಳ ನೀಲಿ-ಬಿಳಿ ಕೊಲಂಬೈನಿನ ಕೊಳವೆ ಇನ್ನೂ ಉದ್ದವಾದುದು. ಅದರ ತಳ ಮುಟ್ಟಲು ನೀಳ ಹೀರುಗೊಳವೆಯ ಪತಂಗಗಳೇ ಬೇಕು. ನಮ್ಮ ದೇಶದಲ್ಲಿ ಈ ಕುಲದ ಗಿಡಗಳು ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳ ಎತ್ತರದ ಇಳಿಜಾರುಗಳಲ್ಲಿವೆ. ನಮ್ಮ ಕಡೆಯ ಬಿಸಿಲಿಗೆ ಅವು ಒಗ್ಗುವುದಿಲ್ಲ. ಬೀಜದ ಪೊಟ್ಟಣ ತರಿಸಿ ಕುಂಡದಲ್ಲಿ ಬಿತ್ತಿ ನಿರಾಶರಾಗುವುದಕ್ಕಿಂತ, ಆ ಹೂವನ್ನು ನೋಡುವವರು ಕೇಳುವ ಪ್ರಶ್ನೆಯನ್ನು ಇಲ್ಲಿಗೆ ತಂದುಕೊಳ್ಳುವುದು ಲೇಸು: ಈ ಹೂವಿನ ಆಕಾರ ಯಾರ ಕೊಕ್ಕಿಗೆ, ಯಾರ ನಾಲಿಗೆಗೆ ಹೊಂದುತ್ತದೆ? ಮುತ್ತುಗದ ಮುಂದೆಯೂ ತಂಗಡಿಯ ಮುಂದೆಯೂ ಈ ಪ್ರಶ್ನೆಗೆ ಉತ್ತರವಿದೆ.

ಹೆಜ್ಜೆ 1: ತಿಂಗಳನ್ನು ಗೊತ್ತುಮಾಡಿಕೊಳ್ಳಿ

ಫೆಬ್ರುವರಿಯಿಂದ ಮೇ ಕೊನೆಯವರೆಗಿನ ಅವಧಿಯನ್ನು ಮೂರು ಭಾಗ ಮಾಡಿಕೊಂಡರೆ ಸಾಕು. ಶಿವರಾತ್ರಿಯಿಂದ ಕಾಮನ ಹುಣ್ಣಿಮೆಯವರೆಗೆ ಬೂರುಗ, ಮುತ್ತುಗ ಮತ್ತು ಬಂಡೆಗುಡ್ಡಗಳ ಅರಿಶಿನ ಬೂರುಗ ಮುಖ್ಯವಾದವು. ಯುಗಾದಿಯ ಆಸುಪಾಸಿನಲ್ಲಿ ಹೊಂಗೆ, ಬೇವು, ಕವಳೆ, ಬಿಕ್ಕೆ, ಇಪ್ಪೆ ಹೂವಾಗುತ್ತವೆ. ಏಪ್ರಿಲ್ ನಡುವಿನಿಂದ ಕಕ್ಕೆಯ ಸರದಿ. ಅಶ್ವಿನಿ, ಭರಣಿ ಮಳೆಗಳು ಒಂದೆರಡು ಹದ ಸುರಿದರೆ ಕಾರೆಕಂಟಿಯೂ ಕಾಡು ಈರುಳ್ಳಿಯೂ ಮೇಲೇಳುತ್ತವೆ. ಭರಣಿ ಮಳೆ ಬಂದರೆ ಧರಣಿ ಬದುಕೀತು ಎಂದು ರೈತರು ಹೇಳುವುದು ಬೆಳೆಯನ್ನು ಮನಸ್ಸಿನಲ್ಲಿಟ್ಟುಕೊಂಡಾದರೂ, ಹೂ ನೋಡುವವರೂ ಆ ಮಳೆಯ ಲೆಕ್ಕವನ್ನು ಇಟ್ಟುಕೊಳ್ಳಬೇಕು. ಈ ಗಿಡಗಳು ಕ್ಯಾಲೆಂಡರಿಗಿಂತ ಮಳೆಯ ಮಾತನ್ನೇ ಹೆಚ್ಚು ಕೇಳುತ್ತವೆ.

ಎಲೆಯಿಲ್ಲದ ಹೊತ್ತಿನಲ್ಲೇ ಹೂ ಬಿಡುವುದಕ್ಕೆ ಕಾರಣವಿದೆ. ಅಡ್ಡಲಾಗಿ ಎಲೆಗಳಿಲ್ಲದಿದ್ದರೆ ಹೂ ದೂರದ ಹಕ್ಕಿಗೂ ಕಾಣುತ್ತದೆ. ಮಾರ್ಚ್ ಹೊತ್ತಿಗೆ ಹೂವಾದರೆ ಮಳೆ ಬರುವಷ್ಟರಲ್ಲಿ ಕಾಯಿ ಬಲಿತು ಬೀಜ ನೆಲಕ್ಕೆ ಬಿದ್ದಿರುತ್ತದೆ. ಮುತ್ತುಗದ ಚಪ್ಪಟೆ ಕಾಯಿಗಳು ಬೇಸಿಗೆಯ ಕೊನೆಯ ಗಾಳಿಗೆ ಹಾರಿಹೋಗುವುದನ್ನು ನೋಡಿದರೆ ಈ ಲೆಕ್ಕಾಚಾರ ಮನದಟ್ಟಾಗುತ್ತದೆ.

ಹೆಜ್ಜೆ 2: ನೆಲವನ್ನು ಆರಿಸಿಕೊಳ್ಳಿ

ದುರ್ಗದ ಸುತ್ತ ಒಂದು ಅನುಕೂಲವಿದೆ: ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ನೆಲದ ಗುಣ ಬದಲಾಗುತ್ತದೆ. ಏಳು ಸುತ್ತಿನ ಕೋಟೆ ನಿಂತಿರುವುದು ಗ್ರಾನೈಟ್ ಬಂಡೆಗಳ ಮೇಲೆ. ಅಲ್ಲಿ ಮಣ್ಣು ಇರುವುದು ಬಂಡೆಗಳ ಸಂದಿನಲ್ಲಿ ಮಾತ್ರ. ಇಂಥ ಸಂದಿನಲ್ಲಿ ಬೇರೂರಬಲ್ಲ ಮರಗಳಲ್ಲಿ ಅರಿಶಿನ ಬೂರುಗವೇ ಮೇಲು. ಬೂದುಬಣ್ಣದ ಬೋಳು ಕೊಂಬೆಗಳ ತುದಿಯಲ್ಲಿ ಅಂಗೈಯಗಲದ ಹಳದಿ ಹೂಗಳು ಅರಳಿರುವುದನ್ನು ಮಾರ್ಚ್‌ನಲ್ಲಿ ಕಲ್ಲುಗುಡ್ಡಗಳ ಇಳಿಜಾರಿನಲ್ಲಿ ಹುಡುಕಬೇಕು. ಕೋಟೆಯ ಪಶ್ಚಿಮಕ್ಕಿರುವ ಚಂದ್ರವಳ್ಳಿಯಲ್ಲಿ ಗುಡ್ಡಗಳ ನಡುವೆ ಕೆರೆಯಿರುವುದರಿಂದ ನೆಲದಲ್ಲಿ ತೇವ ಹೆಚ್ಚು ಕಾಲ ನಿಲ್ಲುತ್ತದೆ. ಹೊಂಗೆಯನ್ನೂ ಬಳ್ಳಿಗಳನ್ನೂ ನೋಡಲು ಇದು ತಕ್ಕ ಜಾಗ. ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು ಹೋಗುವವರು ಇಲ್ಲಿಂದಲೇ ಆರಂಭಿಸಬಹುದು.

ಜೋಗಿಮಟ್ಟಿಯ ಗುಡ್ಡಸಾಲು ಚಿತ್ರದುರ್ಗದ ಶಿಸ್ಟ್ ವಲಯಕ್ಕೆ, ಎಂದರೆ ಪದರುಪದರಾದ ಕಲ್ಲಿನ ಪಟ್ಟಿಗೆ, ಸೇರಿದ್ದು. ಕಣಿವೆಗಳಲ್ಲಿ ಮರ ಒತ್ತೊತ್ತಾಗಿದ್ದರೆ ನೆತ್ತಿಯ ಮೇಲೆ ಗಾಳಿಯ ಹೊಡೆತಕ್ಕೆ ಹುಲ್ಲೂ ಕುಳ್ಳು ಕಂಟಿಗಳೂ ಮಾತ್ರ ಉಳಿದಿವೆ. ನನ್ನ ಅಭಿಪ್ರಾಯದಲ್ಲಿ ಒಂದೇ ಜಾಗಕ್ಕೆ ಹೋಗಲು ಸಮಯವಿರುವವರು ಜೋಗಿಮಟ್ಟಿಯನ್ನೇ ಆರಿಸಿಕೊಳ್ಳಬೇಕು, ಏಕೆಂದರೆ ಒಂದೇ ದಾರಿಯಲ್ಲಿ ಕಣಿವೆಯ ಮರವೂ ನೆತ್ತಿಯ ಕಂಟಿಯೂ ಎದುರಾಗುತ್ತವೆ. ಉತ್ತರಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಕಡಿಮೆ, ದಕ್ಷಿಣದ್ದಕ್ಕೆ ಹೆಚ್ಚು. ಒಂದೇ ಜಾತಿಯ ಗಿಡ ಒಂದು ಮಗ್ಗುಲಲ್ಲಿ ಕಾಯಿಗಟ್ಟುತ್ತಿರುವಾಗ ಇನ್ನೊಂದು ಮಗ್ಗುಲಲ್ಲಿ ಇನ್ನೂ ಮೊಗ್ಗಾಗಿರುವುದುಂಟು. ಹೂವಿನ ಕಾಲ ಮುಗಿಯಿತೆಂದು ಹಿಂದಿರುಗುವ ಮುನ್ನ ಗುಡ್ಡದ ಆಚೆ ಬದಿಯನ್ನು ನೋಡಿ.

ದಾವಣಗೆರೆ ಕಡೆಯವರಿಗೆ ಹರಿಹರ ತಾಲ್ಲೂಕಿನ ಕೊಂಡಜ್ಜಿಯ ಗುಡ್ಡ ಹತ್ತಿರ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವನ್ನು ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಹುಲ್ಲೆಗಳಿಗಾಗಿ 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಅದು ಕುರುಚಲು ಮತ್ತು ಒಣ ಎಲೆಯುದುರುವ ಕಾಡು. ಅಲ್ಲಿ ಕಂಟಿಗಳ ಹೂ ನೋಡಬೇಕು. ಹಿರಿಯೂರು ಕಡೆ ಹೋಗುವವರು ವಾಣಿವಿಲಾಸ ಸಾಗರದ ಸುತ್ತಲಿನ ಗುಡ್ಡಗಳನ್ನು ಸೇರಿಸಿಕೊಳ್ಳಬಹುದು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳನ್ನು ಮಾತ್ರ ಬೇಸಿಗೆಗೆ ಇಟ್ಟುಕೊಳ್ಳಬೇಡಿ. ಆ ಹುಲ್ಲುಗಾವಲಿನ ಹೂಗಳು ಮಳೆಗಾಲದವು; ಮಾರ್ಚ್‌ನಲ್ಲಿ ಅಲ್ಲಿ ತಂಗಡಿ, ಎಕ್ಕಗಳನ್ನು ಬಿಟ್ಟರೆ ಹೆಚ್ಚೇನೂ ಸಿಗದು.

ಹೆಜ್ಜೆ 3: ಅನುಮತಿ ಮತ್ತು ಸುರಕ್ಷತೆ

ಜೋಗಿಮಟ್ಟಿ ಮತ್ತು ರಂಗಯ್ಯನದುರ್ಗ ಎರಡೂ ವನ್ಯಜೀವಿಧಾಮಗಳಾಗಿರುವುದರಿಂದ ಅರಣ್ಯ ಇಲಾಖೆಯ ಅನುಮತಿ ಪಡೆದೇ ಒಳಗೆ ಹೋಗಬೇಕು. ದಾರಿ ಬಿಟ್ಟು ನಡೆಯಲು ಅವಕಾಶವಿದೆಯೇ ಎಂಬುದನ್ನು ಗೇಟಿನಲ್ಲೇ ಕೇಳಿಕೊಳ್ಳಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಾಳ್ಗಿಚ್ಚಿನ ಭಯವಿರುವುದರಿಂದ ಕೆಲವು ದಾರಿಗಳನ್ನು ಮುಚ್ಚುವುದೂ ಉಂಟು. ಬೆಂಕಿಪೊಟ್ಟಣ, ಬೀಡಿ, ಸಿಗರೇಟು ಜೇಬಿನಲ್ಲಿ ಇರಕೂಡದು.

ಈ ಕಾಡುಗಳಲ್ಲಿ ಕರಡಿಯೂ ಚಿರತೆಯೂ ಇವೆ. ಚಿರತೆ ಸಾಮಾನ್ಯವಾಗಿ ತಾನೇ ದೂರ ಸರಿಯುತ್ತದೆ. ಕರಡಿಯ ವಿಷಯ ಹಾಗಲ್ಲ. ಎದುರಾದಾಗ ಗಾಬರಿಯಿಂದ ಮೇಲೆರಗುತ್ತದೆ. ಉದುರಿದ ಇಪ್ಪೆ ಹೂವನ್ನೂ ಬಲಿತ ಕಕ್ಕೆಕಾಯಿಯನ್ನೂ ಕರಡಿ ಇಷ್ಟಪಟ್ಟು ತಿನ್ನುವುದರಿಂದ, ನೀವು ಹೂ ನೋಡಲು ಹೋಗುವ ಮರದ ಬುಡಕ್ಕೇ ಅದೂ ಬರುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಬೆಳಕು ಚೆನ್ನಾಗಿ ಹರಿದ ಮೇಲೆ ಕಾಡಿಗೆ ಹೋಗಿ, ಇಳಿಹೊತ್ತಿಗೆ ಮುನ್ನ ಹೊರಗೆ ಬನ್ನಿ. ಮೂರ್ನಾಲ್ಕು ಜನ ಕೂಡಿ, ಮಾತನಾಡುತ್ತಾ ನಡೆಯುವುದು ಒಳ್ಳೆಯದು. ಕೋಟೆಯ ಎತ್ತರದ ಬಂಡೆಗಳಲ್ಲಿ ಹೆಜ್ಜೇನು ಕಟ್ಟುತ್ತದೆ. ಆ ಬಂಡೆಗಳ ಕೆಳಗೆ ಗದ್ದಲ ಮಾಡಬೇಡಿ, ಗಾಢ ಸುಗಂಧದ್ರವ್ಯ ಹಾಕಿಕೊಂಡು ಹೋಗಬೇಡಿ. ತಲೆಗೆ ಟೋಪಿ ಅಥವಾ ಟವೆಲ್, ತುಂಬುತೋಳಿನ ಅಂಗಿ, ಪಾದ ಮುಚ್ಚುವ ಬೂಟು, ಒಬ್ಬರಿಗೆ ಎರಡು ಲೀಟರಿಗೆ ಕಡಿಮೆಯಿಲ್ಲದ ನೀರು ಇರಲಿ. ಮನೆಗೆ ಬಂದ ಮೇಲೆ ಬಟ್ಟೆಯಲ್ಲಿ ಉಣ್ಣೆ ಹುಳ ಹತ್ತಿದೆಯೇ ಎಂದು ನೋಡಿಕೊಳ್ಳಿ.

ಹೆಜ್ಜೆ 4: ಹೊತ್ತನ್ನು ಹೊಂದಿಸಿಕೊಳ್ಳಿ

ಬೂರುಗ, ಮುತ್ತುಗಗಳಿಗೆ ಬೆಳಿಗ್ಗೆ ಏಳರಿಂದ ಒಂಬತ್ತರ ನಡುವಿನ ಹೊತ್ತು ಸರಿಯಾದುದು. ಆ ವೇಳೆಗೆ ಮೈನಾ, ಕಾಗೆ, ಸೂರಕ್ಕಿ, ಗಿಳಿ, ಅಳಿಲುಗಳೆಲ್ಲ ಮರದಲ್ಲಿ ಸೇರಿರುತ್ತವೆ. ಮರದಿಂದ ಸ್ವಲ್ಪ ದೂರದಲ್ಲಿ ಅರ್ಧ ಗಂಟೆ ಕುಳಿತು ಯಾರು ಹೂವಿನೊಳಗೆ ಮುಖವಿಡುತ್ತಾರೆ, ಯಾರು ಹೂವನ್ನೇ ಕಿತ್ತು ಬಿಸಾಡುತ್ತಾರೆ ಎಂದು ಬೇರೆ ಬೇರೆಯಾಗಿ ಬರೆದುಕೊಳ್ಳಿ. ಹೂವಿನೊಳಗೆ ಮುಖವಿಟ್ಟ ಹಕ್ಕಿಯ ಹಣೆಗೋ ಗದ್ದಕ್ಕೋ ಪರಾಗ ಮೆತ್ತಿರುತ್ತದೆ. ಮರಕ್ಕೆ ಲಾಭವಿರುವುದು ಅಂಥ ಅತಿಥಿಗಳಿಂದ.

ಬಿಕ್ಕೆಯ ಹೂ ಸಂಜೆ ಬೆಳ್ಳಗೆ ಅರಳಿ ಮರುದಿನ ಹಳದಿಗೆ ತಿರುಗುತ್ತದೆ. ಒಂದೇ ಗಿಡದಲ್ಲಿ ಎರಡು ಬಣ್ಣದ ಹೂ ಕಂಡರೆ ಎರಡು ಜಾತಿಯೆಂದು ಬರೆಯದೆ, ಹಿಂದಿನ ಸಂಜೆಯದು ಯಾವುದು ಎಂದು ಗುರುತಿಸಬೇಕು. ಮೊಗ್ಗಿನ ತುದಿಯಲ್ಲಿ ಗೋಂದಿನ ಹನಿ ಹೊಳೆಯುತ್ತಿರುತ್ತದೆ. ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಕಾಡು ಈರುಳ್ಳಿಯೂ ಸಂಜೆಯ ಹೂವೇ. ಒಂದು ಎಲೆಯೂ ಇಲ್ಲದೆ ನೆಲದಿಂದ ನೇರವಾಗಿ ಎದ್ದ ದಂಟಿನಲ್ಲಿ ಮಾಸಲು ಬಣ್ಣದ ಸಣ್ಣ ಹೂಗಳು ಇಳಿಹೊತ್ತಿನ ಮೇಲೆ ಬಾಯಿ ಬಿಡುತ್ತವೆ. ಹಗಲಲ್ಲಿ ಅದರ ಪಕ್ಕದಲ್ಲೇ ಹಾದುಹೋದರೂ ಒಣಗಡ್ಡಿಯೆಂದು ಕಣ್ಣು ತಳ್ಳಿಹಾಕಿಬಿಡುತ್ತದೆ. ಸಂಜೆಯ ಹೂಗಳನ್ನು ವನ್ಯಜೀವಿಧಾಮದೊಳಗೆ ಹುಡುಕುವುದು ಬೇಡ. ಊರಂಚಿನ ಗೋಮಾಳಗಳಲ್ಲಿ, ಹೊಲದ ಬದುಗಳಲ್ಲಿ ನೋಡಿದರಾಯಿತು. ಕಾಡು ಈರುಳ್ಳಿಯ ಗೆಡ್ಡೆ ಹೃದಯಕ್ಕೆ ಅಪಾಯ ತರುವ ವಿಷವುಳ್ಳದ್ದು. ಅದನ್ನು ಅಗೆಯುವ, ರುಚಿ ನೋಡುವ ಪ್ರಯತ್ನ ಬೇಡ.

ಹೆಜ್ಜೆ 5: ಒಂದು ಹೂವನ್ನು ಹತ್ತಿರದಿಂದ ನೋಡಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಚಿಕ್ಕ ಮಸೂರ ಒಂದಿದ್ದರೆ ಸಾಕು. ಕಲಿಯಲು ಮುತ್ತುಗ ಒಳ್ಳೆಯ ಆರಂಭ, ಏಕೆಂದರೆ ಹೂ ದೊಡ್ಡದು ಮತ್ತು ಮರದಡಿ ಬೇಕಾದಷ್ಟು ಉದುರಿರುತ್ತದೆ. ಕೀಳುವ ಅಗತ್ಯವೇ ಇಲ್ಲ. ಉದುರಿದ ಹೂವೊಂದನ್ನು ಅಂಗೈಯಲ್ಲಿಟ್ಟುಕೊಳ್ಳಿ. ಬುಡದಲ್ಲಿ ಮಖಮಲ್ಲಿನಂಥ ಕಡುಗಂದು ಬಟ್ಟಲು, ಅದರಿಂದ ಹೊರಬಂದ ಐದು ಎಸಳು. ಹಿಂದಕ್ಕೆ ಬಾಗಿದ ಅಗಲದ ಎಸಳು ಒಂದು, ಅಕ್ಕಪಕ್ಕದಲ್ಲಿ ಎರಡು, ನಡುವೆ ಕೂಡಿಕೊಂಡು ಕೊಕ್ಕಿನಂತೆ ಬಾಗಿದ ಎರಡು. ಆ ಕೊಕ್ಕನ್ನು ಮೆಲ್ಲಗೆ ಬಿಡಿಸಿದರೆ ಹತ್ತು ಕೇಸರಗಳು ಕಾಣುತ್ತವೆ. ಒಂಬತ್ತು ಬುಡದಲ್ಲಿ ಕೂಡಿಕೊಂಡಿರುತ್ತವೆ, ಹತ್ತನೆಯದು ಬಿಡಿಯಾಗಿರುತ್ತದೆ. ಅವರೆ, ತೊಗರಿಗಳ ಹೂವಿನಲ್ಲೂ ಇದೇ ಏರ್ಪಾಡು. ಹೊಲದ ತೊಗರಿ ಹೂವನ್ನು ಪಕ್ಕಕ್ಕಿಟ್ಟು ನೋಡಿದರೆ ಕುಟುಂಬದ ಹೋಲಿಕೆ ತಾನಾಗಿ ತಿಳಿಯುತ್ತದೆ.

ಎರಡನೆಯ ಪಾಠಕ್ಕೆ ತಂಗಡಿಯನ್ನು ತೆಗೆದುಕೊಳ್ಳಿ. ಬರಗಾಲದಲ್ಲೂ ರಸ್ತೆಬದಿಯಲ್ಲಿ ಹಳದಿಯಾಗಿ ನಿಲ್ಲುವ ಈ ಗಿಡವನ್ನು ಯಾರೂ ಗಮನಿಸುವುದಿಲ್ಲ. ಇದರ ಹೂವಿನಲ್ಲಿ ಮಕರಂದವಿಲ್ಲ, ಪರಾಗವೇ ಊಟ. ಆ ಪರಾಗವೂ ಸುಲಭವಾಗಿ ಸಿಗುವುದಿಲ್ಲ, ಏಕೆಂದರೆ ಕೇಸರದ ತುದಿಯ ಚೀಲ ಸೀಳಿಕೊಳ್ಳದೆ, ತುದಿಯ ಸಣ್ಣ ರಂಧ್ರದ ಮೂಲಕ ಮಾತ್ರ ಪುಡಿಯನ್ನು ಹೊರಬಿಡುತ್ತದೆ. ಮರ ಕೊರೆದು ಗೂಡು ಮಾಡುವ ದೊಡ್ಡ ಕರಿದುಂಬಿ ಹೂವನ್ನು ಕಾಲಿನಿಂದ ತಬ್ಬಿ ಹಿಡಿದು, ರೆಕ್ಕೆ ಬಡಿಯದೆಯೇ ಎದೆಯ ಸ್ನಾಯುಗಳನ್ನು ಅದುರಿಸುತ್ತದೆ; ಆ ಅದುರಿಗೆ ಪರಾಗ ಅದರ ಹೊಟ್ಟೆಯ ಮೇಲೆ ಚಿಮ್ಮುತ್ತದೆ. ದುಂಬಿ ಹಾರುವಾಗಿನ ಸದ್ದಿಗೂ ಹೂವಿನ ಮೇಲೆ ಕುಳಿತಾಗ ಹೊರಡುವ ಏರುದನಿಗೂ ಇರುವ ವ್ಯತ್ಯಾಸ ಮೂರು ಅಡಿ ದೂರದಿಂದಲೇ ಕೇಳಿಸುತ್ತದೆ. ಅರಿಶಿನ ಬೂರುಗದ್ದೂ ಇದೇ ಬಗೆ. ಕಕ್ಕೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ: ಹತ್ತು ಕೇಸರಗಳಲ್ಲಿ ಮೂರು ಉದ್ದವಾಗಿ ಬಾಗಿರುತ್ತವೆ, ನಾಲ್ಕು ನಡುಗಾತ್ರದವು, ಉಳಿದ ಮೂರು ತೀರಾ ಚಿಕ್ಕವು.

ಮಾವು, ಹೊಂಗೆ ಮರಗಳ ಕೊಂಬೆಯ ಮೇಲೆ ಬೆಳೆಯುವ ಬಂದಳಿಕೆಯನ್ನು ತೋಟದವರು ಪೀಡೆಯೆಂದು ಕಡಿದುಹಾಕುತ್ತಾರೆ. ಅವರ ಮಟ್ಟಿಗೆ ಅದು ಸರಿ. ಹೂ ನೋಡುವವರಿಗೆ ಮಾತ್ರ ಅದರಷ್ಟು ರಂಜಕವಾದುದು ಇನ್ನೊಂದಿಲ್ಲ. ಕೊಳವೆಯಂಥ ಮೊಗ್ಗು ಮಾಗಿದ ಮೇಲೆ ಸೂರಕ್ಕಿಯೋ ಬದನಿಕೆ ಹಕ್ಕಿಯೋ ಕೊಕ್ಕಿನಿಂದ ತುದಿಯನ್ನು ಒತ್ತಿದೊಡನೆ ಸಿಡಿದು ಅರಳಿ, ಪರಾಗವನ್ನು ಅದರ ಮುಖಕ್ಕೆ ಎರಚುತ್ತದೆ.

ಹೆಜ್ಜೆ 6: ತಪ್ಪು ಗುರುತನ್ನು ತಪ್ಪಿಸಿ

ಹೂವಿನ ಬಣ್ಣವೊಂದನ್ನೇ ನಂಬಿದರೆ ಗುರುತು ತಪ್ಪುತ್ತದೆ. ಕವಳೆ ಮತ್ತು ಕಾರೆ ಎರಡೂ ಮುಳ್ಳುಕಂಟಿಗಳೇ. ಆದರೆ ಕವಳೆಯ ಎಲೆ ಮುರಿದರೆ ಹಾಲು ಬರುತ್ತದೆ, ಮುಳ್ಳು ಹಲವೆಡೆ ಕವಲೊಡೆದಿರುತ್ತದೆ, ಬಿಳಿಯ ಎಸಳುಗಳು ಮೊಗ್ಗಿನಲ್ಲಿ ಸುರುಳಿ ಸುತ್ತಿಕೊಂಡಿರುತ್ತವೆ. ಕಾರೆಯಲ್ಲಿ ಹಾಲಿಲ್ಲ, ಮುಳ್ಳುಗಳು ನೇರವಾಗಿ, ಜೋಡಿಯಾಗಿರುತ್ತವೆ. ಬೂರುಗದ ಎಳೆಯ ಕಾಂಡದಲ್ಲಿ ದಪ್ಪ ಮುಳ್ಳುಗಳಿದ್ದರೆ ಅರಿಶಿನ ಬೂರುಗದಲ್ಲಿ ಅವು ಇಲ್ಲ.

ಇದಕ್ಕಿಂತ ಮುಖ್ಯವಾದುದು ಇಲ್ಲಿನ ಗಿಡ ಯಾವುದು, ಹೊರಗಿನಿಂದ ಬಂದದ್ದು ಯಾವುದು ಎಂಬ ವಿವೇಚನೆ. ದಾರಿಯ ಎರಡೂ ಬದಿ ಬಣ್ಣಬಣ್ಣದ ಗೊಂಚಲುಗಳಿಂದ ತುಂಬಿರುವ ಲಂಟಾನ ಅಮೆರಿಕ ಖಂಡದಿಂದ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಉದ್ಯಾನದ ಗಿಡವಾಗಿ ಭಾರತಕ್ಕೆ ಬಂದದ್ದು. ಹೊಲದ ಬದುಗಳಲ್ಲಿ ಫೆಬ್ರುವರಿಯಲ್ಲಿ ಎಲೆಯಿಲ್ಲದೆ ತಿಳಿಗುಲಾಬಿ ಹೂ ತಳೆಯುವ ಗೊಬ್ಬರದ ಗಿಡ ಮಧ್ಯ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರಿನದು. ಬಳ್ಳಾರಿ ಜಾಲಿ, ಕಾಂಗ್ರೆಸ್ ಗಿಡಗಳ ಬಗ್ಗೆ ಹೇಳಬೇಕಾದುದೇ ಇಲ್ಲ. ಇವುಗಳನ್ನೂ ದಾಖಲಿಸಿ, ಆದರೆ ಬೇರೆ ಪುಟದಲ್ಲಿ. ಕಾಡುಹೂವಿನ ಹೆಸರಿನಲ್ಲಿ ಲಂಟಾನದ ಚಿತ್ರ ಹಂಚಿಕೊಳ್ಳುವುದನ್ನು ಕಂಡಾಗಲೆಲ್ಲ ಅದರ ಕೆಳಗೆ ಉಸಿರುಗಟ್ಟಿದ ಕವಳೆಯ ನೆನಪಾಗುತ್ತದೆ.

ಹೆಜ್ಜೆ 7: ದಾಖಲಿಸಿ

ಒಂದು ಗಿಡಕ್ಕೆ ಕನಿಷ್ಠ ಆರು ಚಿತ್ರ ಬೇಕು: ನೆಲವೂ ಕಾಣುವಂತೆ ಇಡೀ ಗಿಡ, ಎಲೆಯ ಮೇಲ್ಭಾಗ ಮತ್ತು ಕೆಳಭಾಗ, ತೊಗಟೆ ಅಥವಾ ಮುಳ್ಳು, ಎದುರಿನಿಂದ ಹೂ, ಪಕ್ಕದಿಂದ ಹೂವಿನ ಬಟ್ಟಲು. ಎಲೆಯಿಲ್ಲದ ಕಾಲದಲ್ಲಿ ತೊಗಟೆಯ ಚಿತ್ರಕ್ಕೆ ಬೆಲೆ ಹೆಚ್ಚು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಹಳದಿ, ಬಿಳಿ ಹೂಗಳ ವಿವರ ಫೋನಿನ ಚಿತ್ರದಲ್ಲಿ ಬೆಳ್ಳಗೆ ಹಾರಿಹೋಗುತ್ತದೆ. ಜೊತೆಯವರು ಕೊಡೆಯ ನೆರಳು ಹಿಡಿದರೆ ಸರಿಹೋಗುತ್ತದೆ. ಪುಸ್ತಕದಲ್ಲಿ ದಿನಾಂಕ, ಇಳಿಜಾರಿನ ದಿಕ್ಕು, ಕಲ್ಲೋ ಮಣ್ಣೋ ಎಂಬುದು, ಅಕ್ಕಪಕ್ಕದ ಗಿಡಗಳು, ಮೊಗ್ಗು, ಹೂ, ಕಾಯಿಗಳಲ್ಲಿ ಯಾವ ಹಂತ ಹೆಚ್ಚಿದೆ ಎಂಬುದು, ಕೊನೆಯ ಮಳೆ ಯಾವಾಗ ಬಂತು ಎಂಬುದು ಇರಲಿ. ಸ್ಥಳೀಯ ಹೆಸರನ್ನು ಕುರಿಗಾಹಿಗಳಿಂದಲೋ ಹಿರಿಯರಿಂದಲೋ ಕೇಳಿ ಬರೆದುಕೊಳ್ಳಿ. ‘ಅಜ್ಜಾ, ಈ ಕಂಟಿಗೆ ಏನಂತೀರಿ?’ ಎಂದು ಕೇಳಿದರೆ ಹೆಸರಿನ ಜೊತೆಗೆ ಅದರ ಹಣ್ಣು ಯಾವಾಗ, ಯಾವ ಆಡು ಅದನ್ನು ಮೇಯುತ್ತದೆ ಎಂಬುದೂ ತಿಳಿಯುತ್ತದೆ. ಒಂದೇ ಹೆಸರು ಊರಿಂದೂರಿಗೆ ಬೇರೆ ಗಿಡಕ್ಕೆ ಸಲ್ಲುವುದುಂಟು. ಊರಿನ ಹೆಸರನ್ನೂ ಪಕ್ಕದಲ್ಲಿ ಬರೆಯಿರಿ.

ವನ್ಯಜೀವಿಧಾಮದಿಂದ ಹೂವನ್ನಾಗಲೀ ಗೆಡ್ಡೆಯನ್ನಾಗಲೀ ತರುವಂತಿಲ್ಲ. ಹೊರಗಿನ ಗುಡ್ಡಗಳಲ್ಲೂ ಚಿತ್ರ ಸಾಕು, ಗಿಡ ಬೇಡ.

ಗುರುತಿಗಾಗಿ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ ಜಾಲತಾಣಗಳಿಗೆ ಚಿತ್ರಗಳನ್ನು ಏರಿಸಬಹುದು. ಒಂದು ಎಚ್ಚರಿಕೆ: ಶ್ರೀಗಂಧದ ನಾಲ್ಕೆಸಳಿನ ಪುಟ್ಟ ಹೂ ತಿಳಿಹಳದಿಯಾಗಿ ಅರಳಿ ದಿನ ಕಳೆದಂತೆ ಕಡುಗೆಂಪಿಗೆ ತಿರುಗುವುದು ಮಸೂರದಲ್ಲಿ ನೋಡಲೇಬೇಕಾದ ಸಂಗತಿಯಾದರೂ, ಮರವಿರುವ ನಿಖರ ಜಾಗವನ್ನು ಬಹಿರಂಗಪಡಿಸಬೇಡಿ. ಸ್ಥಳವನ್ನು ಮರೆಮಾಡುವ ಆಯ್ಕೆ ಐನ್ಯಾಚುರಲಿಸ್ಟ್‌ನಲ್ಲಿದೆ. ಫೋನಿನ ಚಿತ್ರದೊಳಗೂ ಸ್ಥಳದ ವಿವರ ಅಡಗಿರುತ್ತದೆಯಾದ್ದರಿಂದ ವಾಟ್ಸ್‌ಆ್ಯಪ್ ಗುಂಪಿಗೆ ಮೂಲ ಕಡತವನ್ನು ಕಳಿಸುವ ಮುನ್ನ ಅದನ್ನು ಅಳಿಸಿ.

ಹೆಜ್ಜೆ 8: ಒಂದೇ ಮರಕ್ಕೆ ಮತ್ತೆ ಮತ್ತೆ ಹೋಗಿ

ಮನೆಯಿಂದ ನಡೆದು ಹೋಗಬಹುದಾದಷ್ಟು ದೂರದಲ್ಲಿರುವ ಹೊಂಗೆಯನ್ನೋ ಕಕ್ಕೆಯನ್ನೋ ಆರಿಸಿಕೊಂಡು ವಾರಕ್ಕೊಮ್ಮೆ, ಸಾಧ್ಯವಾದರೆ ಒಂದೇ ವಾರದ ದಿನ, ಎಳೆಯೆಲೆ, ಬಲಿತ ಎಲೆ, ಮೊಗ್ಗು, ಹೂ, ಕಾಯಿಗಳು ಇಲ್ಲವೋ, ಕೊಂಚವೋ, ಬಹಳವೋ ಎಂದು ಗುರುತು ಹಾಕಿ. ದೇಶದಾದ್ಯಂತ ಇಂಥ ದಾಖಲೆಗಳನ್ನು ಕೂಡಿಸುವ ಸೀಸನ್‌ವಾಚ್ ಎಂಬ ಯೋಜನೆಯಿದೆ. ಶಾಲೆಯ ಮಕ್ಕಳೂ ಅದರಲ್ಲಿ ಸೇರಬಹುದು. ಹೂ ಇಲ್ಲದ ವಾರದಲ್ಲೂ ‘ಇಲ್ಲ’ ಎಂದು ಬರೆಯುವುದನ್ನು ಬಿಡಬೇಡಿ. ಹೂ ಎಂದು ಆರಂಭವಾಯಿತು ಎಂಬುದು ಗೊತ್ತಾಗುವುದು ಅದಕ್ಕೆ ಹಿಂದಿನ ವಾರದ ‘ಇಲ್ಲ’ದಿಂದಲೇ. ಎರಡನೆಯ ವರ್ಷ ಅದೇ ಮರದ ಪಟ್ಟಿಯ ಪಕ್ಕದಲ್ಲಿ ನಿಮ್ಮ ತಾಲ್ಲೂಕಿನ ಮಳೆಯ ಲೆಕ್ಕವನ್ನು ಇಟ್ಟು ನೋಡಿ. ಜೋಗಿಮಟ್ಟಿಗೆ ಯಾವ ವಾರ ಹೊರಡಬೇಕೆಂಬುದನ್ನು ಆ ಎರಡು ಪಟ್ಟಿಗಳಿಂದಲೇ ತೀರ್ಮಾನಿಸಬಹುದು.